ಚಂದ್ರಂಪಳ್ಳಿ ದಂಡೆಯ ಕಾಕಾ ಅವರಿಗೆ

ಕಾಕಾ, ನಿಮ್ಮ ಹೆಸರು ಗೊತ್ತಿಲ್ಲ. 2011ರಲ್ಲಿ ವನ್ಯಧಾಮವಾದ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿನಲ್ಲಿ, ಚಂದ್ರಂಪಳ್ಳಿ ಜಲಾಶಯದ ದಂಡೆಯ ಮೇಲೆ, ಮನೆಯಲ್ಲೇ ಕಲಿಯುವ ಒಂಬತ್ತು ವರ್ಷದ ಹುಡುಗಿಗೆ ಚೇಳು, ಹಾವುಗಳ ನಡುವೆ ಎಚ್ಚರದಿಂದ ಓಡಾಡುವುದನ್ನು ನೀವು ಕಲಿಸಿದ್ದಕ್ಕೆ ಶರಣು.

ಕಲ್ಲು ಎತ್ತುವ ಬಗೆ ಒಂದನ್ನೇ ನೋಡಿ. ಕೆಳಗೆ ಬೆರಳು ತೂರಿಸಬಾರದು. ಕೊಕ್ಕೆ ಕೋಲಿನಿಂದ ಆಚೆ ಬದಿಯ ಅಂಚು ಹಿಡಿದು ತನ್ನ ಕಡೆಗೆ ಎತ್ತಬೇಕು. ಆಗ ಚೇಳಿಗೂ ಕಾಲಿಗೂ ನಡುವೆ ಕಲ್ಲೇ ಗೋಡೆ. ಬಯಲು ಎದುರಿಗಿರುವುದರಿಂದ ಹುಳ ಆಚೆಗೇ ಓಡುತ್ತದೆ. ಈಚೆ ಅಂಚು ಎತ್ತಿದರೆ ನೇರ ಪಾದಕ್ಕೇ ಬರುತ್ತದೆ, ಬಹುಪಾಲು ಮಕ್ಕಳು ತಪ್ಪುವುದು ಇಲ್ಲೇ. ಹುಳ ಸರಿದ ಮೇಲೆ ಕಲ್ಲನ್ನು ಅದೇ ಗುಳಿಯಲ್ಲಿ, ಅದೇ ಮಗ್ಗುಲಲ್ಲಿ ಇಡಬೇಕು. ಇಲ್ಲದಿದ್ದರೆ ಅಡಿಯ ತಂಪು ಆರಿ ಅಲ್ಲಿ ಬೇರೆ ಸಣ್ಣ ಜೀವಿಗಳು ಇಟ್ಟ ಮೊಟ್ಟೆಗಳು ಒಣಗುತ್ತವೆ.

ಸದ್ದಿನ ಪಾಠವಂತೂ ಜೀವ ಉಳಿಸುವಂಥದ್ದು. ಕುಕ್ಕರ್ ಹಬೆಯಂತೆ ಬುಸ್ಸೆನ್ನುವುದು ಕೊಳಕುಮಂಡಲ ಹಾವು. ಮರ ಕೊಯ್ದಂತೆ ಕರಕರ ಎನ್ನುವುದು ಗರಗಸಮಂಡಲ, ಅದೂ ಬಾಯಿಂದಲ್ಲ, ಮೈಯ ಹುರುಪೆ ತಿಕ್ಕಿ. ಯಾವುದು ಕೇಳಿದರೂ ಮೊದಲು ನಿಲ್ಲು, ಕಣ್ಣಿಂದ ಹುಡುಕು, ಆಮೇಲೆ ಬಂದ ಹೆಜ್ಜೆಯಲ್ಲೇ ಹಿಂದೆ ಸರಿ. ಕಚ್ಚಿದರೆ ಕಟ್ಟಬೇಡ, ಕೊಯ್ಯಬೇಡ. ಕೈಕಾಲು ಅಲುಗಿಸದೆ ಆಸ್ಪತ್ರೆಗೆ.

ಕತ್ತಲಾದ ಮೇಲೆ 395 ನ್ಯಾನೋಮೀಟರ್ ನೇರಳಾತೀತ ಟಾರ್ಚ್ ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ. ಆದರೂ ಬೂಟು ಬಿಚ್ಚಬಾರದು ಎಂದಿರಿ, ಆಗಷ್ಟೇ ಪೊರೆ ಬಿಟ್ಟ ಚೇಳು ಹೊಳೆಯುವುದಿಲ್ಲ. ಎಷ್ಟು ನಿಖರವಾದ ಮಾತು! ಹುಡುಗಿಯ ನೋಟ್‌ಬುಕ್ಕಿನ ಮೊದಲ ಸಾಲು ಈಗ ಅದೇ, ಕಾಕಾ.