ಲೋ ವೋಲ್ಟೇಜ್ ಎಂದು ಬೈಯುವ ಮುನ್ನ ಟರ್ಮಿನಲ್ ಬಾಕ್ಸ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಕಾರ್ಖಾನೆಗಳು ಮಾರಿದ ಹಳೇ ಲೇತ್, ಡ್ರಿಲ್ಲಿಂಗ್ ಮಷೀನ್‌ಗಳು ಊರಿನ ಸಣ್ಣ ವರ್ಕ್‌ಶಾಪ್‌ಗಳಿಗೆ ಬರುತ್ತಿರುತ್ತವೆ. ಮಷೀನಿನ ಮೋಟಾರ್ ತ್ರೀ ಫೇಸ್, ಶೆಡ್ಡಿನಲ್ಲಿರುವುದು ಸಿಂಗಲ್ ಫೇಸ್. ಆಗ ಎಲ್ಲರೂ ಕೊಡುವ ಸಲಹೆ ಒಂದೇ: 'ಕಂಡೆನ್ಸರ್ ಹಾಕಿ, ಓಡುತ್ತೆ'. ಖಾಲಿ ಓಡುವುದೂ ಉಂಟು. ಜಾಬ್ (ಕೊರೆಯಬೇಕಾದ ಲೋಹದ ತುಂಡು) ಕಟ್ಟಿ ಟೂಲ್ ತಾಗಿಸಿದರೆ ಮಾತ್ರ ಗುಂಯ್ ಎಂದು ನಿಂತುಬಿಡುತ್ತದೆ. ಹಾಗೇ ಎಳೆದಾಡಿಸಿದರೆ ಕಾಯಿಲ್ ಸುಟ್ಟು ರಿವೈಂಡಿಂಗ್ ಅಂಗಡಿ ಸೇರುತ್ತದೆ. ದೂರು ಲೋ ವೋಲ್ಟೇಜಿನ ಮೇಲೆ ಹೋಗುತ್ತದೆ. ಹೆಚ್ಚಿನ ಸಲ ಕಾರಣ ಮೋಟಾರಿನ ವೈರ್‌ಗಳು ಸೇರುವ ಟರ್ಮಿನಲ್ ಬಾಕ್ಸಿನೊಳಗೇ ಇರುತ್ತದೆ.

ನಮ್ಮಲ್ಲಿ 2 ಎಚ್‌ಪಿವರೆಗಿನ ಮೋಟಾರ್‌ಗಳು ಸಾಮಾನ್ಯವಾಗಿ 415 ವೋಲ್ಟ್, ಸ್ಟಾರ್ ಕನೆಕ್ಷನ್; ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಂದೇ ಗಂಟಿಗೆ ಸೇರಿರುತ್ತದೆ. ಅಂದರೆ ಒಂದೊಂದು ವೈಂಡಿಂಗಿಗೆ ಬೀಳಬೇಕಾದದ್ದು 240 ವೋಲ್ಟ್. ಸ್ಟಾರ್ ಹಾಗೇ ಬಿಟ್ಟು 230 ಕೊಟ್ಟರೆ ಮೋಟಾರಿಗೆ ಸಿಗುವುದು ಅದರ ವೋಲ್ಟೇಜಿನ ಶೇ 55 ಮಾತ್ರ. ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಉಳಿಯುವುದು ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಅದೇ ಮೋಟಾರನ್ನು ಡೆಲ್ಟಾ (ಮೂರೂ ವೈಂಡಿಂಗ್ ತುದಿಗೆ ತುದಿ ಸೇರಿದ ತ್ರಿಕೋನ) ಮಾಡಿದರೆ ಸಿಂಗಲ್ ಫೇಸಿನ 230 ವೋಲ್ಟೇ ಅದಕ್ಕೆ ಸರಿಹೋಗುತ್ತದೆ. ಪಂಪ್‌ಸೆಟ್ಟಿನ ಕಂಡೆನ್ಸರ್ ಡಬ್ಬಿಯನ್ನು ತಂದು ಲೇತ್‌ಗೆ ಹಾಕುವವರೂ ಎಡವುವುದು ಇಲ್ಲೇ. ಆ ಡಬ್ಬಿ ಒಂದು ಫೇಸ್ ಹೋದಾಗ ಉಳಿದೆರಡು ಫೇಸ್‌ಗಳ ನಡುವಿನ 415 ವೋಲ್ಟಿಗೆಂದು ಮಾಡಿದ್ದು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಆ ವೋಲ್ಟೇಜ್ ಎಲ್ಲಿಂದ ಬರಬೇಕು?

ಬಾಕ್ಸಿನಲ್ಲಿ ಆರು ಬೋಲ್ಟ್ ಇದ್ದರೆ ಕೆಲಸ ಸುಲಭ. ಲಿಂಕ್ ಪಟ್ಟಿ ತೆಗೆದು ಯು1ಕ್ಕೆ ಡಬ್ಲ್ಯು2, ವಿ1ಕ್ಕೆ ಯು2, ಡಬ್ಲ್ಯು1ಕ್ಕೆ ವಿ2 ಸೇರಿಸಿದರೆ ಡೆಲ್ಟಾ. ಮೂರೇ ವೈರ್ ಹೊರಬಂದಿದ್ದರೆ ಸ್ಟಾರ್ ಗಂಟು ಒಳಗೆ, ಕಾಯಿಲ್ ತುದಿಯ ಕಟ್ಟುದಾರದ ಕೆಳಗೆ ಇರುತ್ತದೆ. ವಾರ್ನಿಷನ್ನು ಬಿಸಿಮಾಡಿ ಮೆತ್ತಗಾಗಿಸಿ, ಗಂಟು ಬಿಡಿಸಿ, ಮೂರು ತುದಿಗಳಿಗೂ ಸ್ಲೀವ್ ಹಾಕಿದ ವೈರ್ ಬೆಸೆದು ಹೊರತರಬೇಕು. ಯಾವ ತುದಿ ಯಾವ ವೈಂಡಿಂಗಿನದೆಂದು ಮಲ್ಟಿಮೀಟರಿನಲ್ಲಿ ನೋಡಿ ಗುರುತು ಹಾಕದೆ ಮುಂದುವರಿಯಬಾರದು. ಒಂದು ವೈಂಡಿಂಗ್ ತಿರುವುಮುರುವಾದರೂ ಮೋಟಾರ್ ಖಾಲಿಯಲ್ಲೇ ಗುಡುಗಿ ಆಂಪಿಯರ್ ಏರಿಸುತ್ತದೆ. ಡೆಲ್ಟಾ ಆದ ಮೇಲೆ ಮೋಟಾರಿನ ನೇಮ್ ಪ್ಲೇಟಿನಲ್ಲಿರುವ ಸ್ಟಾರ್ ಆಂಪಿಯರನ್ನು 1.73ರಿಂದ ಗುಣಿಸಿ ಲೆಕ್ಕ ಹಿಡಿಯಿರಿ, 3.5 ಇದ್ದದ್ದು 6 ಆಗುತ್ತದೆ.

ಇನ್ನು ಕಂಡೆನ್ಸರ್. ಎರಡು ಟರ್ಮಿನಲ್‌ಗೆ ಫೇಸ್, ನ್ಯೂಟ್ರಲ್. ಮೂರನೆಯದರಿಂದ ಅವೆರಡರಲ್ಲಿ ಒಂದಕ್ಕೆ ಕಂಡೆನ್ಸರ್. ಅದರ ತುದಿಯನ್ನು ಇನ್ನೊಂದಕ್ಕೆ ಬದಲಿಸಿದರೆ ಮೋಟಾರ್ ಉಲ್ಟಾ ತಿರುಗುತ್ತದೆ. ಕಿಲೋವಾಟಿಗೆ ಸುಮಾರು 70 ಮೈಕ್ರೋಫ್ಯಾರಡ್, ಅಂದರೆ 1 ಎಚ್‌ಪಿಗೆ 50ರಷ್ಟು. 440 ವೋಲ್ಟ್ ಎಸಿಯ, ಸದಾ ಲೈನಿನಲ್ಲಿರಬಲ್ಲ ರನ್ನಿಂಗ್ ಕಂಡೆನ್ಸರೇ ಬೇಕು. ಸ್ಟಾರ್ಟಿಂಗ್ ಕಂಡೆನ್ಸರನ್ನು ಹಾಗೇ ಬಿಟ್ಟರೆ ಉಬ್ಬಿ ಒಡೆಯುತ್ತದೆ. ರನ್ನಿಂಗ್ ಕಂಡೆನ್ಸರಿನ ಎರಡು ತುದಿಗಳಿಗೆ ಅಡ್ಡಲಾಗಿ 100 ಕಿಲೋ ಓಮ್, 2 ವಾಟಿನ ರೆಸಿಸ್ಟರ್ ಇರಲಿ, ಇಲ್ಲದಿದ್ದರೆ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುತ್ತದೆ. ಇಷ್ಟೆಲ್ಲ ಮಾಡಿದರೂ ಮೋಟಾರಿನಿಂದ ಸಿಗುವುದು ಶೇ 70ರಷ್ಟು ಶಕ್ತಿ, ಸ್ಟಾರ್ಟಿಂಗ್ ಟಾರ್ಕ್ ಅದಕ್ಕಿಂತ ತೀರಾ ಕಡಿಮೆ. ಬೆಂಚ್ ಗ್ರೈಂಡರ್, ಸಣ್ಣ ಡ್ರಿಲ್‌ಗೆ ಸಾಕು. ಲೋಡ್ ಇಲ್ಲದೆ ಗಂಟೆಗಟ್ಟಲೆ ಓಡಿಸಿದರೂ ಬಿಸಿಯಾಗುತ್ತದೆ, ಏಕೆಂದರೆ ಖಾಲಿಯಿದ್ದಾಗ ಕಂಡೆನ್ಸರ್ ಕಡೆಯ ವೈಂಡಿಂಗಿನ ವೋಲ್ಟೇಜ್ ಮಿತಿ ಮೀರುತ್ತದೆ. ಕ್ಲಾಂಪ್ ಮೀಟರಿನಲ್ಲಿ ಮೂರೂ ಲೈನ್ ನೋಡಿ, ಯಾವುದೂ ಡೆಲ್ಟಾ ಆಂಪಿಯರ್ ದಾಟದಂತೆ ಮೈಕ್ರೋಫ್ಯಾರಡ್ ಹೊಂದಿಸಬೇಕು. ಭಾರದ ಚಕ್ (ಜಾಬ್ ಹಿಡಿದು ತಿರುಗುವ ತಲೆ) ಇರುವ ಲೇತ್‌ಗೆ ಈ ದಾರಿ ಬೇಡ.

ಲೇತ್‌ಗೆ ಸರಿಯಾದದ್ದು ಸಿಂಗಲ್ ಫೇಸ್ ಇನ್‌ಪುಟ್ ಇರುವ ಡ್ರೈವ್, ಅಂದರೆ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ. 230 ವೋಲ್ಟ್ ಪಡೆದು 230 ವೋಲ್ಟಿನದೇ ಮೂರು ಫೇಸ್ ಕೊಡುತ್ತದೆ. ಆದ್ದರಿಂದ ಇಲ್ಲಿಯೂ ಮೋಟಾರ್ ಡೆಲ್ಟಾ ಆಗಿರಲೇಬೇಕು. 2 ಎಚ್‌ಪಿಗೆ 7 ಆಂಪಿಯರ್ ಔಟ್‌ಪುಟ್ ಸಾಕು. ಆದರೆ ಇನ್‌ಪುಟ್ಟಿನಲ್ಲಿ ಪೂರ್ಣ ಲೋಡಿಗೆ 15 ಆಂಪಿಯರಿನಷ್ಟು ಎಳೆಯುವುದರಿಂದ 2.5 ಚದರ ಮಿಮೀ ತಾಮ್ರದ ವೈರ್, ಮೀಟರ್ ದೂರವಿದ್ದರೆ 4, ಜೊತೆಗೆ 20 ಆಂಪಿಯರ್ ಸಿ ಟೈಪ್ ಎಂಸಿಬಿ ಹಾಕಿ. ಅರ್ತಿಂಗ್ ಇಲ್ಲದೆ ಡ್ರೈವ್ ಕೂಡಿಸಲೇಬಾರದು.

ಡ್ರೈವ್ ಸುಡುವುದು ಹೆಚ್ಚಾಗಿ ಹಳೇ ಸಾಮಾನು ಉಳಿಸಿಕೊಳ್ಳುವ ಜಿಪುಣತನದಿಂದ. ಮೋಟಾರಿನ ಬಳಿ ಹಿಂದೆಂದೋ ಹಾಕಿದ್ದ ಕಂಡೆನ್ಸರ್ ಡ್ರೈವಿನ ಔಟ್‌ಪುಟ್ಟಿನಲ್ಲಿ ಉಳಿದರೆ ಒಳಗಿನ ಟ್ರಾನ್ಸಿಸ್ಟರ್‌ಗಳು ಹಾರಿಹೋಗುತ್ತವೆ. ಲೇತ್‌ನ ಫಾರ್ವರ್ಡ್-ರಿವರ್ಸ್ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟಾರ್ ನಡುವೆ ಬಿಡಬೇಡಿ. ಓಡುತ್ತಿರುವಾಗ ಲೈನ್ ಕಡಿದರೆ ಡ್ರೈವಿಗೆ ಪೆಟ್ಟು. ಅದೇ ಸ್ವಿಚ್ಚನ್ನು ಡ್ರೈವಿನ ಕಂಟ್ರೋಲ್ ಟರ್ಮಿನಲ್‌ಗೆ ವೈರ್ ಮಾಡಿ. ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಿಡಿಯುವುದಿದ್ದರೆ ಮೋಟಾರ್ ವೈರ್‌ಗಳನ್ನು ಮೊದಲು ಬಿಚ್ಚಬೇಕು. ಮೇನ್ ಆಫ್ ಮಾಡಿ ಐದು ನಿಮಿಷವಾಗದೆ ಮುಚ್ಚಳ ತೆಗೆಯಬೇಡಿ.

ಸೆಟ್ಟಿಂಗ್‌ನಲ್ಲಿ 230 ವೋಲ್ಟ್, 50 ಹರ್ಟ್ಸ್, ಡೆಲ್ಟಾ ಆಂಪಿಯರ್ ತುಂಬಿ. ಸ್ಟಾರ್ಟ್ ಸಮಯ 5 ಸೆಕೆಂಡ್ ಇರಲಿ. ನಿಲ್ಲಿಸುವ ಸಮಯ ಕಡಿಮೆ ಮಾಡಿದರೆ ಚಕ್‌ನ ಓಟದ ಶಕ್ತಿ ವಾಪಸ್ ನುಗ್ಗಿ ಓವರ್‌ವೋಲ್ಟೇಜ್ ಟ್ರಿಪ್ ಆಗುತ್ತದೆ. ಥ್ರೆಡ್ ಮೇಲೆ ಕೂರುವ ಚಕ್ ಬಿಚ್ಚಿಕೊಂಡು ಹಾರುವ ಅಪಾಯವೂ ಇದೆ. 20 ಹರ್ಟ್ಸಿಗಿಂತ ಕೆಳಗೆ ಬಹಳ ಹೊತ್ತು ದುಡಿಸಿದರೆ ಮೋಟಾರಿನ ಫ್ಯಾನ್ ಗಾಳಿ ಸಾಲದು, ನಿಧಾನ ಬೇಕಿದ್ದರೆ ಗೇರ್ ಬದಲಿಸಿ. ಮಷೀನಿನಲ್ಲಿರುವ 415 ವೋಲ್ಟ್ ಕಾಯಿಲ್‌ನ ಕಂಟಾಕ್ಟರ್ (ಕಾಂತದಿಂದ ಎಳೆದುಕೊಳ್ಳುವ ಸ್ವಿಚ್) ಈ 230 ವೋಲ್ಟಿನಲ್ಲಿ ಎಳೆಯುವುದಿಲ್ಲ. ಕೂಲಂಟ್ ಪಂಪಿಗೆ ಬೇರೆ ಸಿಂಗಲ್ ಫೇಸ್ ಮೋಟಾರ್ ಹಾಕುವುದೇ ಲೇಸು.

3 ಎಚ್‌ಪಿ ಮೋಟಾರ್‌ಗಳು ಬಹಳ ಕಡೆ 415 ವೋಲ್ಟಿಗೇ ಡೆಲ್ಟಾ ಆಗಿರುತ್ತವೆ. ಅವುಗಳ ಲಿಂಕ್ ಪಟ್ಟಿ ಬದಲಿಸಿ ಪ್ರಯೋಜನವಿಲ್ಲ. ಒಳ್ಳೆಯ ರಿವೈಂಡಿಂಗ್‌ನವರು ಪ್ರತಿ ಫೇಸಿನ ಕಾಯಿಲ್ ಗುಂಪುಗಳನ್ನು ಸೀರೀಸ್‌ನಿಂದ ಎರಡು ಪ್ಯಾರಲಲ್‌ಗೆ ತಿರುಗಿಸಿಕೊಡುತ್ತಾರೆ. ಆಗ ಅದು 207 ವೋಲ್ಟಿನ ಮೋಟಾರ್, ಆಂಪಿಯರ್ ದುಪ್ಪಟ್ಟು; ಡ್ರೈವಿನಲ್ಲಿ ಮೋಟಾರ್ ವೋಲ್ಟೇಜ್ 207 ಎಂದೇ ತುಂಬಬೇಕು. ಕಾಯಿಲ್ ಹೇಗೂ ಸುಟ್ಟಿದ್ದರೆ ಸುತ್ತು ಶೇ 58ಕ್ಕೆ ಇಳಿಸಿ, ವೈರಿನ ಅಡ್ಡ ವಿಸ್ತೀರ್ಣ 1.73 ಪಟ್ಟು ಮಾಡಿ ಸುತ್ತಿಸಿ, 240 ವೋಲ್ಟಿಗೆ ಸರಿಯಾಗುತ್ತದೆ. 3 ಎಚ್‌ಪಿ ದಾಟಿದರೆ ಡ್ರೈವಿನ ಗೊಡವೆ ಬಿಟ್ಟು ತ್ರೀ ಫೇಸ್ ಸಂಪರ್ಕಕ್ಕೆ ಅರ್ಜಿ ಹಾಕುವುದೇ ಸರಿ. ಮನೆಯ ಮೀಟರಿನಿಂದ ವರ್ಕ್‌ಶಾಪ್ ನಡೆಸುವವರಿಗೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಕೂಡ ನೆನಪಿರಲಿ: ಮಂಜೂರಾದ ಉದ್ದೇಶ ಬಿಟ್ಟು ಬಳಸಿದರೆ ದುಪ್ಪಟ್ಟು ದರದ ಬಿಲ್ ಬರುತ್ತದೆ.

ಡ್ರೈವ್ ಮಾರುವವರಲ್ಲಿ ಒಂದು ವಿನಂತಿ. '2 ಎಚ್‌ಪಿ ಡ್ರೈವ್' ಎಂದಷ್ಟೇ ಹೇಳಿ 415 ವೋಲ್ಟಿನ, 4 ಆಂಪಿಯರಿನ ಮಾಲು ಕೊಟ್ಟು ಕಳಿಸಬೇಡಿ. ಇನ್‌ಪುಟ್ ಫೇಸ್, ಔಟ್‌ಪುಟ್ ವೋಲ್ಟ್, ಔಟ್‌ಪುಟ್ ಆಂಪಿಯರ್ ಈ ಮೂರನ್ನೂ ಬಿಲ್ಲಿನಲ್ಲೇ ಬರೆದುಕೊಡಿ.

ಇತಿ,
ಮೋಟಾರ್ ರಿವೈಂಡಿಂಗ್ ವೃತ್ತಿಯವರು, ಹರಿಹರ