ಮಧುಮೇಹ ಶಿಬಿರಗಳಲ್ಲಿ ರೆಟಿನಾ ಪರೀಕ್ಷೆಯೂ ಇರಲಿ

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಗಡಿಭಾಗದ ಪಂಚಾಯತುಗಳಲ್ಲಿ ನಡೆಯುವ ಮಧುಮೇಹ ತಪಾಸಣಾ ಶಿಬಿರಗಳು ಹೆಚ್ಚಾಗಿ ಸಕ್ಕರೆ ಹಾಗೂ ರಕ್ತದೊತ್ತಡದ ಅಳತೆಗೇ ಮುಗಿಯುತ್ತಿದ್ದು, ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ಪರೀಕ್ಷೆಯೂ ಅವುಗಳಲ್ಲಿ ಸೇರಬೇಕಾಗಿದೆ.

ಸಕ್ಕರೆಯ ಪ್ರಮಾಣ ವರ್ಷಗಟ್ಟಲೆ ಏರಿಯೇ ಇದ್ದರೆ ರೆಟಿನಾದ ಅತಿ ಸೂಕ್ಷ್ಮ ರಕ್ತನಾಳಗಳ ಗೋಡೆ ದುರ್ಬಲಗೊಂಡು ದ್ರವವೂ ಕೊಬ್ಬಿನಂಶವೂ ಹೊರಗೆ ಒಸರುತ್ತವೆ. ಜೊತೆಗೆ ಕೊಲೆಸ್ಟರಾಲ್ ಕೂಡ ಹೆಚ್ಚಿರುವವರಲ್ಲಿ ಆ ಕೊಬ್ಬು ಹಳದಿ ಚುಕ್ಕೆಗಳಾಗಿ ಶೇಖರಗೊಳ್ಳುವ ಸಂಭವ ಹೆಚ್ಚು, ಮತ್ತು ಅದು ರೆಟಿನಾದ ನಡುಭಾಗಕ್ಕೆ ತಲುಪಿದರೆ ಪತ್ರಿಕೆ ಓದುವುದೂ ಕಷ್ಟವಾಗುತ್ತದೆ. ಕೆಲವು ನಾಳಗಳು ಮುಚ್ಚಿಹೋದಾಗ ಹುಟ್ಟುವ ಹೊಸ ನಾಳಗಳು ಸುಲಭವಾಗಿ ಒಡೆದು ಕಣ್ಣಿನೊಳಗೆ ರಕ್ತಸ್ರಾವವಾಗುವುದುಂಟು. ಆರಂಭದಲ್ಲಿ ನೋವಾಗಲಿ, ಮಂಜಾಗಲಿ ಇರುವುದಿಲ್ಲ. ಮುಂದೆ ಮಂಜು ಕಾಣಿಸಿದಾಗಲೂ ಕನ್ನಡಕ ಬದಲಿಸಿ ಸುಮ್ಮನಾಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಲೇಸರ್ ಮತ್ತು ಚುಚ್ಚುಮದ್ದಿನಿಂದ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದಾದರೂ ಕಳೆದುಹೋದ ದೃಷ್ಟಿ ಎಷ್ಟೋ ವೇಳೆ ಪೂರ್ಣವಾಗಿ ಮರಳುವುದಿಲ್ಲ.

ಆದುದರಿಂದ ಮಧುಮೇಹಕ್ಕೆ ಔಷಧಿ ಪಡೆಯುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ನಡೆಯುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಭಾಗದ ಹಿರಿಯರಲ್ಲಿ ಅನೇಕರಿಗೆ ಮಲಯಾಳ ಓದಲು ಬಾರದ ಕಾರಣ, ಇದರ ಮಾಹಿತಿ ಚೀಟಿಯನ್ನು ಕನ್ನಡದಲ್ಲಿಯೂ ಮುದ್ರಿಸಿ ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಲುಪಿಸಬೇಕು.

– ಓರ್ವ ಓದುಗ, ಬದಿಯಡ್ಕ