ಅಜ್ಜನ ಟ್ರಂಕ್ ರದ್ದಿಗೆ ಹಾಕಬೇಡ

ಬೆಂಟನ್‌ವಿಲ್, ಅರ್ಕಾನ್ಸಾ, ಅಮೆರಿಕ
ಭಾನುವಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ಮನೆ ರಿಪೇರಿ ಮಾತು ಬಂದಾಗ, ಅಟ್ಟದ ಮೇಲಿರುವ ಅಜ್ಜನ ಟ್ರಂಕಿನ ಪುಸ್ತಕಗಳನ್ನು ರದ್ದಿಯವನಿಗೆ ಕೊಡೋಣ ಅಂದೆಯಲ್ಲ, ನಾನೂ ಸುಮ್ನೆ ಹೂಂ ಅಂದುಬಿಟ್ಟೆ. ಆ ಮಾತು ವಾಪಸ್ ತಗೊಳ್ಳೋಕೆ ಈ ಕಾಗದ ಬರೆಯುತ್ತಿದ್ದೇನೆ. ದಯವಿಟ್ಟು ಕೊಡಬೇಡ.

ಶುಕ್ರವಾರ ರಜೆ ಹಾಕಿ ಫೇಯೆಟ್‌ವಿಲ್‌ಗೆ ಹೋಗಿದ್ದೆ. ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಅಲ್ಲಿನ ಅರ್ಕಾನ್ಸಾ ಯೂನಿವರ್ಸಿಟಿ ಲೈಬ್ರರಿಯಲ್ಲಿ ಫ್ಲಾರೆನ್ಸ್ ಪ್ರೈಸ್ ಎಂಬ ಕಪ್ಪು ಮಹಿಳೆ ಬರೆದ ಸಂಗೀತದ ಹಸ್ತಪ್ರತಿಗಳಿವೆ. ಹುಟ್ಟಿದ್ದು 1887ರಲ್ಲಿ, ಇದೇ ರಾಜ್ಯದ ಲಿಟಲ್ ರಾಕ್‌ನಲ್ಲಿ. ಬಾಸ್ಟನ್‌ಗೆ ಸಂಗೀತ ಕಲಿಯಲು ಹೋದಾಗ ಊರು ಮೆಕ್ಸಿಕೋದ ಪ್ವೆಬ್ಲಾ ಅಂತ ಬರೆಸಬೇಕಾಯಿತಂತೆ. ಕಪ್ಪು ಜನ ಅಂತ ಗೊತ್ತಾದರೆ ಕಷ್ಟ ಅಂತ ತಾಯಿಗೆ ಭಯ. 1927ರಲ್ಲಿ ಲಿಟಲ್ ರಾಕ್‌ನಲ್ಲಿ ಒಬ್ಬ ಕಪ್ಪು ಮನುಷ್ಯನನ್ನು ಜನ ಗುಂಪುಗೂಡಿ ಕೊಂದರು. ಆ ವರ್ಷವೇ ಸಂಸಾರ ಸಮೇತ ಶಿಕಾಗೋಗೆ ಹೋದಳು. ಗಂಡನನ್ನು ಬಿಟ್ಟ ಮೇಲೆ ಮಕ್ಕಳನ್ನು ಸಾಕಲು ಮೂಕಿ ಸಿನಿಮಾಗಳಿಗೆ ಆರ್ಗನ್ ನುಡಿಸಿದಳು. 1933ರ ಜೂನ್ 15ರಂದು ಶಿಕಾಗೋ ಸಿಂಫನಿ ಆರ್ಕೆಸ್ಟ್ರಾ ಎಂಬ ವಾದ್ಯವೃಂದ ಅವಳ ಮೊದಲ ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕಾಗಿ ಬರೆದ ದೊಡ್ಡ ಕೃತಿ, ನುಡಿಸಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ಒಂದು ಕಪ್ಪು ಹೆಣ್ಣಿನ ಸಿಂಫನಿ ನುಡಿಸಿದ್ದು ಅದೇ ಮೊದಲು.

ಅಷ್ಟಾದರೂ ಬಾಗಿಲು ತೆರೆಯಲಿಲ್ಲ ಅಕ್ಕಾ. ಹತ್ತು ವರ್ಷದ ನಂತರ ಬಾಸ್ಟನ್ನಿನಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಹೆಸರಾಂತ ಕಂಡಕ್ಟರ್ ಕೂಸೆವಿಟ್ಸ್ಕಿಗೆ ಪತ್ರ ಬರೆದು, ತನಗೆ ಎರಡು ಅಡ್ಡಿಗಳಿವೆ, ಒಂದು ಹೆಣ್ಣಾಗಿರುವುದು, ಇನ್ನೊಂದು ಕಪ್ಪು ರಕ್ತ ಅಂತ ಹೇಳಿಕೊಂಡಳು. ಆತ ಅವಳ ಸಂಗೀತವನ್ನು ಕೊನೆಗೂ ನುಡಿಸಲಿಲ್ಲ. 1953ರಲ್ಲಿ ತೀರಿಕೊಂಡಳು.

ಈಗ ಕೇಳು, ಇದಕ್ಕೇ ನನ್ನ ಹೊಟ್ಟೆಯಲ್ಲಿ ತಳಮಳ ಎದ್ದಿದ್ದು. 2009ರಲ್ಲಿ ಶಿಕಾಗೋದಿಂದ ದಕ್ಷಿಣಕ್ಕೆ, ಸೇಂಟ್ ಆನ್ ಎಂಬ ಸಣ್ಣ ಊರಿನಲ್ಲಿ ಒಬ್ಬ ದಂಪತಿ ಒಂದು ಪಾಳು ಮನೆ ರಿಪೇರಿ ಮಾಡಿಸುತ್ತಿದ್ದರು. ಮರ ಬಿದ್ದು ಮಾಡಿನಲ್ಲಿ ತೂತು. ಕಿಡಿಗೇಡಿಗಳು ಒಳಗೆಲ್ಲ ಚೆಲ್ಲಾಡಿದ್ದರು. ಮಳೆ ನೀರು ತಾಗದ ಒಂದು ಕಡೆ ಕಾಗದದ ರಾಶಿ ಇತ್ತು. ಹೆಸರು ಓದಿ, ಇಂಟರ್ನೆಟ್‌ನಲ್ಲಿ ಹುಡುಕಿ, ಯೂನಿವರ್ಸಿಟಿಗೆ ತಿಳಿಸಿದರು. ಅದು ಫ್ಲಾರೆನ್ಸ್ ಬೇಸಿಗೆಗೆ ಬರುತ್ತಿದ್ದ ಮನೆ. ಆ ರಾಶಿಯಲ್ಲಿ ಅವಳ ನಾಲ್ಕನೇ ಸಿಂಫನಿ ಇತ್ತು, ಎರಡು ವಯಲಿನ್ ಕಾನ್ಸರ್ಟೋ, ಅಂದರೆ ವಯಲಿನ್ ಮುಂದಾಗಿ ಆರ್ಕೆಸ್ಟ್ರಾ ಜೊತೆಗೂಡುವ ಕೃತಿಗಳು, ಇದ್ದವು. ಎರಡನೆಯದು ಅವಳು ಸಾಯುವ ಹಿಂದಿನ ವರ್ಷ ಬರೆದದ್ದು. ನಾಲ್ಕನೇ ಸಿಂಫನಿ ಬರೆದದ್ದು 1945ರಲ್ಲಿ, ಜನ ಮೊದಲ ಸಲ ಕೇಳಿದ್ದು 2018ರಲ್ಲಿ. ಆ ದಂಪತಿ ಮೊದಲು ಗುಡಿಸಿ ಚೊಕ್ಕ ಮಾಡೋಣ ಅಂದಿದ್ದರೆ?

ಲೈಬ್ರರಿಯ ಓದುವ ಕೋಣೆಗೆ ಪೆನ್ನು ಬಿಡಲ್ಲ, ಪೆನ್ಸಿಲ್ ಮಾತ್ರ. ಒಂದು ಸಲಕ್ಕೆ ಒಂದೇ ಫೋಲ್ಡರ್ ತೆರೆಯಬೇಕು. ಪಾಶ್ಚಾತ್ಯ ಸಂಗೀತ ಬರೆಯುವ ಐದು ಗೆರೆಗಳ ಮೇಲೆ ಫ್ಲಾರೆನ್ಸ್ ಕೈಯಾರೆ ಕೂರಿಸಿದ ಸ್ವರಗಳನ್ನು ನೋಡುತ್ತಾ ಕೂತಿದ್ದಾಗ ಅಜ್ಜನ ಪುಸ್ತಕ ಕಣ್ಣ ಮುಂದೆ ಬಂತು. ನೆನಪಿದೆಯಾ, ಪ್ರತಿ ರಂಗಗೀತೆಯ ಪಕ್ಕ 'ಕರಿ ಎರಡು', 'ಬಿಳಿ ನಾಲ್ಕು' ಅಂತ ಬರೆದಿರುತ್ತಿದ್ದರು? ನಾಟಕ ಕಂಪನಿಯ ಯಾವ ನಟನಿಗೆ ಹಾರ್ಮೋನಿಯಂನ ಕರಿ, ಬಿಳಿ ಮನೆಗಳಲ್ಲಿ ಯಾವುದರಿಂದ ಶ್ರುತಿ ಹಿಡಿಯಬೇಕು ಅಂತ. ಅದು ಬೇರೆ ಎಲ್ಲೂ ಬರೆದಿಲ್ಲ ಅಕ್ಕಾ.

ಹಾಗಾಗಿ ಹೆಂಚು ಇಳಿಸುವ ಮೊದಲೇ ಟ್ರಂಕ್ ಕೆಳಗಿಳಿಸು. ಬಿಸಿಲಿಗೆ ಹಾಕಬೇಡ, ನೆರಳಲ್ಲಿ ಗಾಳಿಯಾಡಲಿ. ಹರಿದ ಕಡೆ ಸೆಲೊಟೇಪ್ ಅಂಟಿಸಬೇಡ, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ತೇವ ಒಳಗೇ ನಿಲ್ಲುತ್ತೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿದರೆ ಸಾಕು. ಬಿಡಿ ಹಾಳೆಗಳು ಎಲ್ಲಿವೆಯೋ ಅಲ್ಲೇ ಇರಲಿ. ಯಾವುದು ಯಾವುದರ ಪಕ್ಕ ಇತ್ತು ಅನ್ನೋದೂ ಮುಖ್ಯ. ಮಗಳಿಗೆ ಹೇಳಿ ಪ್ರತಿ ಪುಟದ ಫೋಟೋ ತೆಗೆಸಿ ಕಳಿಸು.

ಡಿಸೆಂಬರ್‌ನಲ್ಲಿ ಬರುತ್ತೇನೆ. ಅಷ್ಟರೊಳಗೆ ಅಮ್ಮನನ್ನು ಕೂರಿಸಿಕೊಂಡು ಒಂದೊಂದೇ ಪುಟ ತೋರಿಸು. 'ಕರಿ ಎರಡು' ಯಾರ ಶ್ರುತಿ ಅಂತ ಅವಳಿಗೆ ಮಾತ್ರ ಗೊತ್ತಿರಬಹುದು.

ನಿನ್ನ ತಮ್ಮ